ಟಾಟಾ ಒಂದೇ ಸಲ

ಶಾಲೆಯ ಕಾಂಪೌಂಡ್ ಗೋಡೆಗೂ ಹೊರಗಿನ ನೀರಿನ ಟ್ಯಾಂಕಿಗೂ ನಡುವೆ ಒಬ್ಬ ಮನುಷ್ಯ ಅಡ್ಡಡ್ಡ ನಿಲ್ಲುವಷ್ಟು ಜಾಗವಿತ್ತು. ಲಿಫ್ಟ್ ಮೆಕ್ಯಾನಿಕ್ ಅಲ್ಲಿ ಹೊಟ್ಟೆ ಒಳಗೆಳೆದುಕೊಂಡು ನಿಂತಿದ್ದ. ಗೇಟಿನ ಸಂದಿಯಲ್ಲಿ ಮಗಳ ರಿಬ್ಬನ್ನು ಕಂಡರೆ ಉಸಿರು ಬಿಡುತ್ತಿದ್ದ, ಮರೆಯಾದರೆ ಹಿಡಿಯುತ್ತಿದ್ದ. ಹಿಂದಿನಿಂದ ಯಾರೋ ಕೆಮ್ಮಿದರು.

"ನಿಮ್ಮ ಮಗಳು ಆಗಲೇ ಆಟಕ್ಕೆ ಕೂತಿದ್ದಾಳೆ," ಎಂದಳು ಗೇಟ್ ಮಿಸ್. "ನಿಮ್ಮನ್ನ ಯಾವ ಕ್ಲಾಸಿಗೆ ಸೇರಿಸಿಕೊಳ್ಳಲಿ?"

ಅವನು ನಾಚಿಕೊಂಡು ಹೊರಗೆ ಬರಲು ನೋಡಿದ. ಅಂಗಿಯ ಜೇಬು ಟ್ಯಾಂಕಿನ ನಲ್ಲಿಗೆ ಸಿಕ್ಕಿಕೊಂಡಿತು. ಅವಳು ನಗು ತಡೆದುಕೊಂಡು, ಬಗ್ಗಿ, ಜೇಬು ಬಿಡಿಸಿದಳು. ಅಷ್ಟು ಹತ್ತಿರದಿಂದ ಅವಳ ಕಣ್ಣು ಕಂಡದ್ದು ಅವನಿಗೆ ಅದೇ ಮೊದಲು. ಆ ಕಣ್ಣಿನಲ್ಲಿ ತುಂಟತನವಿತ್ತು, ಅದರ ಹಿಂದೆ ಒಂದಿಷ್ಟು ಸುಸ್ತೂ ಇತ್ತು.

ಅವಳನ್ನು ಎಲ್ಲರೂ ಗೇಟ್ ಮಿಸ್ ಎಂದೇ ಕರೆಯುತ್ತಿದ್ದರು. ಅವಳು ಪಾಠ ಮಾಡುವವಳಲ್ಲ. ಶಾಲೆ ಶುರುವಾಗುವ ಮೊದಲು, ಹೊಸದಾಗಿ ಸೇರುವ ಮಕ್ಕಳನ್ನೂ ಮನೆಯವರನ್ನೂ ಕರೆಸಿ ತಯಾರು ಮಾಡುವುದು ಅವಳ ಕೆಲಸ. ಬೇಗ ಮಲಗಿ ಬೇಗ ಏಳುವುದು, ಶೂ ಪಟ್ಟಿ ತಾವೇ ಹಾಕಿಕೊಳ್ಳುವುದು, ಡಬ್ಬಿಯ ಮುಚ್ಚಳ ತೆಗೆಯುವುದು, ಬಾತ್‌ರೂಮಿಗೆ ಹೋಗಬೇಕೆಂದು ಬಾಯಿಬಿಟ್ಟು ಕೇಳುವುದು, ಇದೆಲ್ಲ ಮಕ್ಕಳಿಗೆ ಬೇಗ ಬಂದುಬಿಡುತ್ತಿತ್ತು. ಬಾರದೆ ಒದ್ದಾಡುತ್ತಿದ್ದವರು ಹೆತ್ತವರು. ಅವರಿಗೆಂದೇ ಅವಳು ಒಂದು ನಿಯಮ ಇಟ್ಟಿದ್ದಳು: ಗೇಟಿನ ಹತ್ತಿರ ಟಾಟಾ ಒಂದೇ ಸಲ, ಆಮೇಲೆ ತಿರುಗಿ ನೋಡುವಂತಿಲ್ಲ. ಹೇಳುವುದಕ್ಕೇನು, ಸುಲಭ. ಮಾಡಲು ಹೋದಾಗ ಎಂಥೆಂಥ ಗಟ್ಟಿಗರೂ ಗೇಟಿನ ಕಂಬ ಹಿಡಿದು ನಿಂತುಬಿಡುತ್ತಿದ್ದರು.

ನಮ್ಮ ಮೆಕ್ಯಾನಿಕ್ಕನ್ನೇ ನೋಡಿ. ಲಿಫ್ಟಿನ ಕತ್ತಲ ಕೊಳವೆಯೊಳಗೆ ಬೆಲ್ಟು ಬಿಗಿದು ಇಳಿಯುವಾಗ ಸಿನಿಮಾ ಹಾಡು ಗುನುಗುವ ಪ್ರಾಣಿ ಅದು. ಮಗಳು ಚಿಣ್ಣಿಯ ಕೈ ಬಿಡುವ ಹೊತ್ತಿಗೆ ಮಾತ್ರ ಅವನ ಹಾಡು ನಿಂತುಹೋಗುತ್ತಿತ್ತು. ಅದಕ್ಕೆ ಕಾರಣವಿತ್ತು. ಚಿಣ್ಣಿ ತೊಟ್ಟಿಲಲ್ಲಿದ್ದಾಗ ಅವನ ಹೆಂಡತಿ ಹೊಟ್ಟೆನೋವೆಂದು ಆಸ್ಪತ್ರೆಗೆ ಹೊರಟಳು, ಸಂಜೆಗೆ ಬರ್ತೀನಿ ಎಂದು ಆಟೋದಿಂದ ಕೈಬೀಸಿದಳು, ಬರಲಿಲ್ಲ. ಅಂದಿನಿಂದ ಯಾರಾದರೂ ಟಾಟಾ ಅಂದರೆ ಅವರು ಮರೆಯಾಗುವವರೆಗೂ ಅವನು ಕಣ್ಣು ಕೀಳುತ್ತಿರಲಿಲ್ಲ.

ಸಾಲದ್ದಕ್ಕೆ ಅತ್ತೆ ಬೇರೆ. ಹೆಂಡತಿಯ ತಾಯಿ, ದೂರದ ಊರಿನವರು, ಕೆಟ್ಟವರೇನಲ್ಲ. ಹೋದ ವರ್ಷ ಚಿಣ್ಣಿಯನ್ನು ಬೇರೊಂದು ಶಾಲೆಗೆ ಸೇರಿಸಿ, ಅವಳ ಅಳು ತಾಳಲಾರದೆ ಒಂದೇ ವಾರಕ್ಕೆ ಅವನು ಬಿಡಿಸಿಕೊಂಡು ಬಂದಿದ್ದ. ಅತ್ತೆಗೆ ಅದು ಗೊತ್ತಾಗಿತ್ತು. ಈ ಸಲ ಶಾಲೆ ಶುರುವಾಗುವ ದಿನ ತಾವೇ ಬಂದು ನೋಡುವುದಾಗಿಯೂ, ಮಗು ಒಳಗೆ ಹೋಗದಿದ್ದರೆ ತಮ್ಮ ಜೊತೆ ಕರೆದುಕೊಂಡು ಹೋಗಿ ತಮ್ಮ ಮನೆ ಪಕ್ಕದ ಶಾಲೆಗೆ ಹಾಕುವುದಾಗಿಯೂ ಫೋನಿನಲ್ಲಿ ಹೇಳಿದ್ದರು. ಅವನೂ ಬಾಯಿತಪ್ಪಿ ಹೂಂ ಅಂದುಬಿಟ್ಟಿದ್ದ.

ಇದನ್ನೆಲ್ಲ ಅವನು ಟ್ಯಾಂಕಿನ ಪಕ್ಕದಲ್ಲೇ ನಿಂತು ಗೇಟ್ ಮಿಸ್‌ಗೆ ಹೇಳಿಬಿಟ್ಟ. ಯಾಕೆ ಹೇಳಿದನೆಂದು ಅವನಿಗೇ ಗೊತ್ತಿಲ್ಲ. ಅವಳು ಅಯ್ಯೋ ಪಾಪ ಎನ್ನಲಿಲ್ಲ. ದಿನಾ ಬನ್ನಿ, ಅಭ್ಯಾಸ ಮಾಡೋಣ, ಎಂದಳು ಅಷ್ಟೆ.

ದಿನಾ ಬಂದ. ಅಪ್ಪ ಮಗಳು ಗೇಟಿನ ಹತ್ತಿರ ಬರುವುದು, ಟಾಟಾ ಹೇಳುವುದು, ಅವನು ತಿರುವಿನವರೆಗೆ ನಡೆದು ಮರೆಯಾಗುವುದು, ಸುತ್ತಿ ಬಂದು ಟ್ಯಾಂಕಿನ ಹಿಂದೆ ಸೇರಿಕೊಳ್ಳುವುದು. ಒಳಗೆ ಚಿಣ್ಣಿ ಸ್ವಲ್ಪ ಹೊತ್ತು ಆಡುತ್ತಿದ್ದಳು, ಆಮೇಲೆ ಗೇಟಿಗೆ ಓಡಿ ಬಂದು ಅಳುತ್ತಿದ್ದಳು. ಅವನು ಮರೆಯಿಂದ ಹೊರಬಂದು ಎತ್ತಿಕೊಳ್ಳುತ್ತಿದ್ದ. ಗೇಟ್ ಮಿಸ್ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಜಡೆಯ ಪಾಠವೂ ನಡೆಯಿತು. ಶಾಲೆಗೆ ಎರಡು ಜಡೆ ಕಡ್ಡಾಯ, ಅವನಿಗೋ ಒಂದೂ ಬಾರದು. ಚಿಣ್ಣಿ ಕೂತಲ್ಲಿ ಕೂರುವವಳಲ್ಲ. ಒಂದು ದಿನ ಖಾಲಿ ಕ್ಲಾಸ್‌ರೂಮಿನಲ್ಲಿ ಗೇಟ್ ಮಿಸ್ ಮಕ್ಕಳ ಪುಟ್ಟ ಕುರ್ಚಿಯ ಮೇಲೆ ಕೂತು ತನ್ನ ಕೂದಲನ್ನೇ ಬಿಚ್ಚಿ ಹಿಂದಕ್ಕೆ ಹಾಕಿ, ಇದರ ಮೇಲೆ ಕಲಿಯಿರಿ ಎಂದಳು. ಲಿಫ್ಟಿನ ಉಕ್ಕಿನ ಹಗ್ಗ ಬಿಗಿಯುವ ಅವನ ಬೆರಳುಗಳು ಆ ಕೂದಲ ಮೇಲೆ ತಡವರಿಸಿದವು. ಎಳೆದರೆ ನೋವಾದೀತೆಂದು ಭಯ, ಸಡಿಲ ಬಿಟ್ಟರೆ ಜಾರೀತೆಂದು ಭಯ. ಅವಳ ಕತ್ತಿನ ಹಿಂದಿನ ಚಿಕ್ಕ ಕೂದಲು ಉಸಿರಿಗೆ ಅಲುಗುತ್ತಿದ್ದವು. ಉಸಿರು ತನ್ನದೇ ಎಂದು ತಿಳಿದು ಅವನು ಮುಖ ಅತ್ತ ತಿರುಗಿಸಿದ.

"ಬಿಗಿ ಸಾಲದು ಅಪ್ಪ," ಎಂದಳು ಚಿಣ್ಣಿ, ಸೊಂಟಕ್ಕೆ ಕೈಯಿಟ್ಟುಕೊಂಡು. "ಮಿಸ್ ಏನೂ ಒಡೆದುಹೋಗಲ್ಲ."

ಗೇಟ್ ಮಿಸ್ ನಕ್ಕಳು. ಅವಳ ಕಿವಿ ಕೆಂಪಾಗಿದ್ದು ಹಿಂದೆ ನಿಂತವನಿಗೆ ಕಾಣಿಸಿತು. ಜಡೆ ಮುಗಿದ ಮೇಲೂ ಅವನು ರಿಬ್ಬನ್ನಿನ ಗಂಟನ್ನು ಸರಿಮಾಡುತ್ತಲೇ ಇದ್ದ, ಅವಳು ಸಾಕು ಎನ್ನಲಿಲ್ಲ. ಎದ್ದು ನಿಂತು ಸೀರೆಯ ಸೆರಗು ಸರಿಪಡಿಸಿಕೊಳ್ಳುತ್ತ, ಶಾಲೆ ಶುರುವಾದರೆ ತನ್ನ ಕೆಲಸ ಮುಗಿಯಿತೆಂದೂ, ಬೇರೆ ಊರಿನ ಶಾಲೆಯವರು ವರ್ಷಪೂರ್ತಿಯ ಕೆಲಸಕ್ಕೆ ಕರೆದಿದ್ದಾರೆಂದೂ ಮಾಮೂಲಿ ಸುದ್ದಿಯಂತೆ ಹೇಳಿದಳು. ಈಗ ಅವನ ಹೆದರಿಕೆ ಎರಡಾಯಿತು.

ಶಾಲೆ ಶುರುವಾಗುವ ಹಿಂದಿನ ದಿನ ಕೊನೆಯ ಅಭ್ಯಾಸ. ಇವತ್ತು ಟ್ಯಾಂಕಿನ ಹಿಂದೆ ನಿಲ್ಲಕೂಡದು, ನಿಜವಾಗಿ ಹೋಗಲೇಬೇಕು ಎಂದು ಗೇಟ್ ಮಿಸ್ ಹಟ ಹಿಡಿದಳು. ಅವನು ಬೇಡವೆಂದ. ನಾಳೆ ಅತ್ತೆಯ ಎದುರು ಏನು ಮಾಡುತ್ತೀರಿ ಎಂದು ಕೇಳಿದಾಗ ಹೊರಟ. ಮಾರ್ಕೆಟ್ ರಸ್ತೆ ದಾಟಿ, ಒಂದು ಚಹದ ಅಂಗಡಿಯಲ್ಲಿ ಕೂತು, ಗ್ಲಾಸು ಮುಟ್ಟದೆ ನೋಡುತ್ತ ಕೂತ. ಚಹದ ಮೇಲೆ ಕೆನೆ ಕಟ್ಟಿತು. ಆಗ ಫೋನ್ ಬಂತು.

ಚಿಣ್ಣಿ ಕಾಣುತ್ತಿಲ್ಲ ಎಂದು ಗೇಟ್ ಮಿಸ್ ಹೇಳಿದಳು. ಅಭ್ಯಾಸಕ್ಕೆ ಬಂದ ಮನೆಯವರೆಲ್ಲ ಒಮ್ಮೆಗೇ ಹೊರಟಾಗ ಗೇಟು ತೆರೆದಿತ್ತಂತೆ, ಯಾರದೋ ಮಕ್ಕಳ ಜೊತೆ ಹೊರಗೆ ಹೋಗಿರಬೇಕಂತೆ. ಅವಳ ದನಿ ಅವಳದಾಗಿರಲಿಲ್ಲ.

ಅವನು ಓಡಿದ. ಅಂಗಡಿಯವನು ಕೂಗಿದ್ದು ಕೇಳಲಿಲ್ಲ, ಬಸ್ಸಿನ ಹಾರ್ನ್ ಕೇಳಲಿಲ್ಲ. ಪ್ರತಿ ತಿರುವಿನಲ್ಲೂ ನೀಲಿ ಫ್ರಾಕಿನ ಮಗು ಕಂಡಂತಾಗಿ ಜೀವ ಬಾಯಿಗೆ ಬರುತ್ತಿತ್ತು, ಹತ್ತಿರ ಹೋದರೆ ಬೇರೆ ಯಾರೋ. ಗೇಟ್ ಮಿಸ್ ಟ್ಯಾಂಕಿನ ಹತ್ತಿರ ಸಿಕ್ಕಳು. ಒಂದು ಕಾಲಲ್ಲಿ ಚಪ್ಪಲಿಯಿರಲಿಲ್ಲ. ಆ ಸಂದಿಯೊಳಗೆ ಮತ್ತೆ ಮತ್ತೆ ಬಗ್ಗಿ ನೋಡುತ್ತಿದ್ದಳು, ಅಲ್ಲಿ ಯಾರೂ ಇಲ್ಲವೆಂದು ಗೊತ್ತಿದ್ದೂ.

"ನಿಮ್ಮ ಮಾತು ಕೇಳಿದ್ದಕ್ಕೇ," ಎಂದ ಅವನು. "ನಿಮಗೇನು, ನಾಳೆ ಬೇರೆ ಊರು, ಬೇರೆ ಮಕ್ಕಳು. ನನಗಿರೋದು ಒಂದೇ."

ಅವಳು ತುಟಿ ಕಚ್ಚಿ ಮತ್ತೆ ಆ ಸಂದಿಗೆ ಬಗ್ಗಿದಳು. ಅಂದದ್ದು ತಪ್ಪೆಂದು ಅವನಿಗೆ ಆ ಕ್ಷಣವೇ ಅನಿಸಿತು. ಅಷ್ಟರಲ್ಲಿ ಕೈಯಲ್ಲಿದ್ದ ಫೋನ್ ಮತ್ತೆ ಬಡಿದುಕೊಂಡಿತು. ಅದು ಲಿಫ್ಟೊಂದರ ಕರೆ. ಅವನು ನೋಡಿಕೊಳ್ಳುವ ಲಿಫ್ಟುಗಳಲ್ಲಿ ಒಂದು ಕೆಂಪು ಬಟನ್ ಇರುತ್ತದೆ. ಯಾರಾದರೂ ಒಳಗೆ ಸಿಕ್ಕಿಕೊಂಡು ಅದನ್ನು ಒತ್ತಿದರೆ ನೇರ ಅವನ ಫೋನಿಗೆ ಬರುತ್ತದೆ. ಈ ಹೊತ್ತಿನಲ್ಲೇ ಯಾರಪ್ಪಾ ಸಿಕ್ಕಿಕೊಂಡವರು ಎಂದು ಕಟ್ ಮಾಡಲು ಹೋದವನು, ಅಭ್ಯಾಸಬಲದಿಂದ ಕಿವಿಗಿಟ್ಟ.

"ಹಲೋ, ನಮ್ಮಪ್ಪ ಕಳೆದುಹೋಗಿದ್ದಾರೆ," ಎಂದಿತು ಒಂದು ಚಿಕ್ಕ ದನಿ. "ಟ್ಯಾಂಕಿನ ಹಿಂದೆ ಇಲ್ಲ."

ಅದು ಶಾಲೆಯ ಎದುರು ಸಾಲಿನ ದಂತವೈದ್ಯರ ಕ್ಲಿನಿಕ್ಕಿನ ಲಿಫ್ಟು; ಕೆಂಪು ಬಟನ್ ಒತ್ತಿದರೆ ಅಪ್ಪ ಸಿಗುತ್ತಾನೆಂದು ಚಿಣ್ಣಿಗೆ ಹಿಂದೊಮ್ಮೆ ಹೇಳಿಕೊಟ್ಟವನು ಅವನೇ. ಇಬ್ಬರೂ ಓಡಿದರು. ತೆರೆದ ಲಿಫ್ಟಿನೊಳಗೆ ಚಿಣ್ಣಿ ಬಟನ್‌ಗಳ ಫಲಕದ ಹತ್ತಿರ ತುದಿಗಾಲಲ್ಲಿ ನಿಂತು ಇನ್ನೂ ಬಟನ್ ಒತ್ತುತ್ತಲೇ ಇದ್ದಳು. ರಿಸೆಪ್ಷನ್ನಿನ ಹೆಂಗಸು ಬಾಗಿಲಿಗೆ ಕಾಲು ಅಡ್ಡ ಇಟ್ಟುಕೊಂಡು ಕಾಯುತ್ತಿದ್ದಳು. ಅವನು ನೆಲಕ್ಕೆ ಕುಸಿದು ಮಗಳನ್ನು ಅಪ್ಪಿಕೊಂಡ. ಚಿಣ್ಣಿ ಅಪ್ಪನ ಕೆನ್ನೆ ಸವರಿ, ಎಲ್ಲಿ ಹೋಗಿದ್ದೆ ಎಂದು ಗದರಿಸಿದಳು.

ವಿಷಯ ಹೊರಬಿದ್ದದ್ದು ಆಗ. ಅಪ್ಪ ಟ್ಯಾಂಕಿನ ಹಿಂದೆ ನಿಲ್ಲುವುದು ಅವಳಿಗೆ ಮೊದಲ ದಿನದಿಂದಲೇ ಗೊತ್ತಿತ್ತು; ಗೇಟಿನ ಅಡಿಯಿಂದ ಅಪ್ಪನ ಶೂ ಕಾಣುತ್ತಿತ್ತಲ್ಲ. ಅಪ್ಪನಿಗೆ ಒಬ್ಬನೇ ಇರಲು ಹೆದರಿಕೆ, ಅದಕ್ಕೇ ಬಚ್ಚಿಟ್ಟುಕೊಳ್ಳುತ್ತಾನೆ ಎಂದುಕೊಂಡಿದ್ದಳು. ಆಟದ ನಡುವೆ ಅದು ನೆನಪಾದಾಗ ಪಾಪ ಅನಿಸಿ ಗೇಟಿಗೆ ಬಂದು ಅಳುತ್ತಿದ್ದಳು. ಹಾಗೆ ಅತ್ತರೆ ಅಪ್ಪ ಹೊರಗೆ ಬರುತ್ತಿದ್ದ, ಅವನಿಗೆ ಸಮಾಧಾನವಾಗುತ್ತಿತ್ತು. ಹೀಗೆಂದು ಅವಳು ಗೇಟ್ ಮಿಸ್‌ಗೆ ಬಿಡಿಸಿ ಹೇಳಿದಳು.

ಮೆಕ್ಯಾನಿಕ್ ತಲೆ ಎತ್ತಲಿಲ್ಲ. ಎತ್ತಿದಾಗ ಗೇಟ್ ಮಿಸ್ ಅಲ್ಲಿರಲಿಲ್ಲ. ಚಪ್ಪಲಿ ಹುಡುಕಲು ಹೋದಳೆಂದು ರಿಸೆಪ್ಷನ್ನಿನವಳು ಹೇಳಿದಳು. ಎಷ್ಟು ಕಾದರೂ ತಿರುಗಿ ಬರಲಿಲ್ಲ.

ಸಂಜೆ ಅತ್ತೆ ಬಂದರು. ಮುಚ್ಚಿಡಬಹುದಿತ್ತು, ಮುಚ್ಚಿಡಲಿಲ್ಲ; ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದ. ಅತ್ತೆ ನಾಳೆ ನೋಡೋಣ ಎಂದರು. ಆದರೂ ಚಿಣ್ಣಿಯ ಬಟ್ಟೆಗಳನ್ನು ಮಡಚಿ ತಮ್ಮ ಬ್ಯಾಗಿನ ಪಕ್ಕ ಇಟ್ಟರು. ರಾತ್ರಿ ಅವನು ಎದ್ದೆದ್ದು ಆ ಪುಟ್ಟ ಗಂಟನ್ನು ನೋಡಿದ.

ಬೆಳಿಗ್ಗೆ ಗೇಟಿನ ಮುಂದೆ ಜಾತ್ರೆ ಸೇರಿದಷ್ಟು ಜನ. ಗೇಟ್ ಮಿಸ್ ಅಲ್ಲಿದ್ದಳು, ಯಾವುದೋ ಅಳುಬುರುಕ ಮಗುವಿನ ಮೂಗು ಒರೆಸುತ್ತ. ಅವನ ಕಡೆ ನೋಡಿದಳು, ಕೂಡಲೇ ಕಣ್ಣು ತಪ್ಪಿಸಿದಳು. ಅತ್ತೆ ಪಕ್ಕದಲ್ಲೇ ನಿಂತು ಅವನ ಮುಖವನ್ನೇ ನೋಡುತ್ತಿದ್ದರು. ಚಿಣ್ಣಿ ಅವನ ಬೆರಳು ಬಿಡಲಿಲ್ಲ.

"ನಿನಗೆ ಹೆದರಿಕೆ ಆಗುತ್ತಾ ಅಪ್ಪ?" ಎಂದು ಕೇಳಿದಳು.

ಇಲ್ಲ ಎನ್ನಲು ಬಾಯಿ ತೆರೆದ. ಇಷ್ಟು ದಿನ ಹೇಳಿದ್ದು ಅದನ್ನೇ. ಮಗಳು ಅದನ್ನು ನಂಬಿದ್ದಾದರೂ ಯಾವಾಗ?

"ಆಗುತ್ತೆ, ತುಂಬಾ," ಎಂದ ಅವನು ಅವಳ ಎತ್ತರಕ್ಕೆ ಕೂತು. "ಆದ್ರೂ ನಾನು ಕೆಲಸಕ್ಕೆ ಹೋಗ್ತೀನಿ. ಟ್ಯಾಂಕಿನ ಹಿಂದೆ ಇರಲ್ಲ. ಬೆಲ್ ಹೊಡೆದಾಗ ಇಲ್ಲೇ, ಎಲ್ಲರಿಗೂ ಕಾಣೋ ಹಾಗೆ ನಿಂತಿರ್ತೀನಿ."

ಚಿಣ್ಣಿ ಅವನ ಮುಖವನ್ನು ಪರೀಕ್ಷೆ ಮಾಡಿದಳು. ಸುಳ್ಳು ಸಿಗಲಿಲ್ಲವೆಂದು ಕಾಣುತ್ತದೆ. ಸರಿ ಹಾಗಾದ್ರೆ, ಟಾಟಾ, ಎಂದು ಬ್ಯಾಗು ಕುಣಿಸುತ್ತ ಒಳಗೆ ಹೋದಳು. ಅವನೂ ಟಾಟಾ ಎಂದ. ಬಾಯಿಂದ ಆ ಮಾತು ಹೊರಟಿತು, ಏನೂ ಆಗಲಿಲ್ಲ.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಮಗಳು ತೀರಿಕೊಂಡ ಸಂಜೆಯಿಂದ ಯಾರನ್ನಾದರೂ ಕಳಿಸಿಕೊಡಬೇಕೆಂದರೆ ತಮಗೂ ಹೀಗೇ ಹೆದರಿಕೆಯಾಗುತ್ತಿತ್ತೆಂದೂ, ಮಗುವನ್ನು ಕರೆದುಕೊಂಡು ಹೋಗಬೇಕೆಂದದ್ದು ತಮ್ಮ ಹೆದರಿಕೆಗೇ ಎಂದೂ ಮೆಲ್ಲನೆ ಹೇಳಿದರು. "ನಾನು ಸಂಜೆ ಬಸ್ಸಿಗೆ ಹೊರಡ್ತೀನಿ," ಎಂದರು ಆಮೇಲೆ. "ಒಬ್ಬಳೇ. ಅವಳ ಬಟ್ಟೆ ತೆಗೆದು ಬೀರುವಿನಲ್ಲಿ ಇಡು."

ಅವನು ಅತ್ತೆಗೆ ಕೈಮುಗಿದು ನಡೆಯತೊಡಗಿದ, ನೇರ, ಕತ್ತು ಅಲುಗಿಸದೆ. ನಾಲ್ಕು ಹೆಜ್ಜೆ ಹೋದ ಮೇಲೆ ತಿಳಿಯಿತು, ಗೇಟಿನ ಹತ್ತಿರ ಬಿಟ್ಟುಬಂದದ್ದು ಮಗಳನ್ನು ಮಾತ್ರವಲ್ಲ. ಗೇಟ್ ಮಿಸ್ ಇವತ್ತೇ ಹೊರಡುತ್ತಾಳೆ. ನಿನ್ನೆ ಆಡಿದ ಮಾತಿಗೆ ಕ್ಷಮೆ ಕೂಡ ಕೇಳಿಲ್ಲ. ತಿರುಗಿದರೆ ಚಿಣ್ಣಿ ಕಿಟಕಿಯಿಂದ ನೋಡಿಬಿಟ್ಟರೆ? ತಿರುಗದಿದ್ದರೆ ಇವಳು ಹೋಗಿಬಿಟ್ಟರೆ? ಅವನು ನಡುಬೀದಿಯಲ್ಲಿ ಗರ ಬಡಿದವನಂತೆ ನಿಂತ. ಸಂಜೆಗೆ ಬರ್ತೀನಿ ಎಂದು ಹೆಂಡತಿ ಕೈಬೀಸಿದ ಆಟೋ ಕಣ್ಣಮುಂದೆ ಹಾದುಹೋದಂತಾಯಿತು.

ಹಿಂದೆ ಚಪ್ಪಲಿಯ ಸದ್ದು ಬಂತು.

"ತಿರುಗಬೇಡಿ, ಕಿಟಕಿಯಲ್ಲಿದ್ದಾಳೆ," ಎಂದಳು ಗೇಟ್ ಮಿಸ್, ಏದುಸಿರಲ್ಲಿ. "ನಡೀತಾ ಇರಿ."

ನಡೆದ. ಅವಳು ಪಕ್ಕಕ್ಕೆ ಬಂದು ಹೆಜ್ಜೆ ಕೂಡಿಸಿದಳು. ಇಬ್ಬರೂ ಎದುರಿನ ರಸ್ತೆಯನ್ನೇ ನೋಡುತ್ತಿದ್ದರು. ನಿನ್ನೆ ಬಾಯಿಗೆ ಬಂದಂತೆ ಅಂದೆ, ಕ್ಷಮಿಸಿ, ಎಂದ ಅವನು. ತಪ್ಪು ತನ್ನದೂ ಇತ್ತು, ಮಗುವನ್ನು ಕೇಳದೆ ಅಪ್ಪನನ್ನು ಕಳಿಸಿದ್ದು ತಾನೇ, ಎಂದಳು ಅವಳು. ತಿರುವು ಹತ್ತಿರವಾಗುತ್ತಿತ್ತು.

"ಹೋಗಬೇಡಿ," ಎಂದ ಕೊನೆಗೆ. "ನೀವಂದ್ರೆ ನನಗಿಷ್ಟ. ಚಿಣ್ಣಿಗೋಸ್ಕರ ಅಲ್ಲ, ನನಗೋಸ್ಕರ ಕೇಳ್ತಿದೀನಿ."

ಅವಳ ಹೆಜ್ಜೆ ತಪ್ಪಿತು, ಮತ್ತೆ ಕೂಡಿತು. ವರ್ಷವರ್ಷವೂ ಎಲ್ಲರನ್ನೂ ಒಳಗೆ ಕಳಿಸಿ ತಾನು ಹೊರಗೇ ಉಳಿಯುವವಳೆಂದೂ, ಯಾರೂ ಇರು ಎಂದಿರಲಿಲ್ಲವೆಂದೂ ಹೇಳಿದಳು. ಆ ಊರಿನ ಶಾಲೆಯವರಿಗೆ ಬೆಳಿಗ್ಗೆಯೇ ಬರುವುದಿಲ್ಲವೆಂದು ತಿಳಿಸಿದ್ದಾಳಂತೆ. ಅವನು ಏನೂ ಕೇಳದೇ ಹೋದರೆ ಏನು ಮಾಡುವುದೆಂದು ಹೆದರಿ ಹೆದರಿ ಗೇಟಿನಲ್ಲಿ ನಿಂತಿದ್ದಳಂತೆ.

ರಸ್ತೆ ತಿರುಗಿತು. ಶಾಲೆಯ ಕಿಟಕಿ ಮರೆಯಾಯಿತು. ಆಗ ಇಬ್ಬರೂ ನಿಂತು ಒಬ್ಬರನ್ನೊಬ್ಬರು ನೋಡಿದರು, ಕಣ್ಣು ತಪ್ಪಿಸದೆ.

"ನಿಮ್ಮ ಕೈ ನಡುಗ್ತಿದೆ," ಎಂದಳು ಅವಳು.

"ನಿಮ್ಮದೂ," ಎಂದ ಅವನು, ಹಿಡಿದುಕೊಂಡು.