ದಾರ ಕಟ್ಟಿದ ಜಾಡಿ

ದಾರ ಕಟ್ಟಿದ ಜಾಡಿಯನ್ನು ನಾರ್ಯಾ ಓರೆ ಮಾಡಿದಳು. ಒಳಗಿನ ಎಂಜಿನ್ ಆಯಿಲ್ ಅಲ್ಲಾಡಲಿಲ್ಲ. ಪೂರ್ತಿ ತಲೆಕೆಳಗು ಮಾಡಿದಳು. ಆಗಲೂ ಅದು ಮೇಣದ ಮುದ್ದೆಯ ಹಾಗೆ ತಳಕ್ಕೇ ಅಂಟಿಕೊಂಡಿತ್ತು.

ಆಮೇಲೆ ದಾರವಿಲ್ಲದ ಜಾಡಿಯನ್ನು ಓರೆ ಮಾಡಿದಳು. ಅದರ ಆಯಿಲ್ ಜೇನಿನ ಹಾಗೆ ನಿಧಾನವಾಗಿ ಈ ಮಗ್ಗುಲಿನಿಂದ ಆ ಮಗ್ಗುಲಿಗೆ ಹರಿಯಿತು.

ಅವಳು ನಿಂತಿದ್ದ ಬಾಗಿಲಾಚೆ ಸೊನ್ನೆಗಿಂತ ಐವತ್ತೆರಡು ಡಿಗ್ರಿ ಕೆಳಗಿನ ಚಳಿ. ಸಣ್ಣ ಕ್ಲಾಸಿನವರಿಗೆ ಇವತ್ತು ಸ್ಕೂಲ್ ಇಲ್ಲ ಎಂದು ಬೆಳಿಗ್ಗೆಯೇ ರೇಡಿಯೊದಲ್ಲಿ ಹೇಳಿದ್ದರು. ಬೇರೆ ಮಕ್ಕಳಿಗೆ ಅದು ಹಬ್ಬ. ಅವರ ಮನೆಗಳಲ್ಲಿ ಅಣ್ಣಂದಿರು, ತಂಗಿಯರು, ಅಜ್ಜಿಯರು ಇದ್ದಾರೆ. ನಾರ್ಯಾಳ ಮನೆಯಲ್ಲಿ ಸದ್ದು ಮಾಡುತ್ತಿದ್ದದ್ದು ಒಲೆಯೊಂದೇ.

ಅಮ್ಮ ದೂರದ ಗಣಿಯ ಕ್ಯಾಂಟೀನಿನಲ್ಲಿ ಅಡುಗೆ ಮಾಡಲು ಹೋಗಿದ್ದಳು. ಹಿಮ ಕರಗುವವರೆಗೂ ಬರುವುದಿಲ್ಲ. ಅಪ್ಪ ಗವ್ರೀಲ್ ಲಾರಿಗೆ ಹಿಟ್ಟಿನ ಮೂಟೆ ತುಂಬಿಸಲು ಹೋಗಿದ್ದ. ನಾಳೆ ಅವನೂ ಹೊರಡುತ್ತಾನೆ. ಹೆಪ್ಪುಗಟ್ಟಿದ ನದಿಯೇ ಅವನಿಗೆ ರಸ್ತೆ. ಉತ್ತರದ ಹಳ್ಳಿಗಳಿಗೆ ಹೋಗಿ ಬರಲು ವಾರಗಳೇ ಬೇಕು. ಅಲ್ಲಿಯವರೆಗೆ ನಾರ್ಯಾ ಫೆವ್ರೋನ್ಯಾ ಅತ್ತೆಯ ಮನೆಯಲ್ಲಿರಬೇಕು. ಅಲ್ಲಿ ಟೀವಿ ಮಾತಾಡುತ್ತದೆ. ಅತ್ತೆ ಟೀವಿಯ ಜೊತೆ ಮಾತಾಡುತ್ತಾಳೆ.

ಜಾಡಿಗಳನ್ನು ಬಾಗಿಲಾಚೆಯ ಮೆಟ್ಟಿಲ ಮೇಲೆ ಇಟ್ಟುಹೋದವನು ಅಪ್ಪನೇ. ಒಂದರಲ್ಲಿ ಲಾರಿ ಕಂಪನಿ ಕೊಟ್ಟ ಆಯಿಲ್. ಗುರುತಿಗೆಂದು ಅದರ ಕುತ್ತಿಗೆಗೆ ಕೆಂಪು ಉಣ್ಣೆಯ ದಾರ ಕಟ್ಟಿದ್ದ. ಇನ್ನೊಂದರಲ್ಲಿ ಅವನೇ ಪೇಟೆಯಿಂದ ತಂದದ್ದು. ಎರಡು ಕ್ಯಾನಿನ ಮೇಲೂ ಚಳಿ ತಡೆಯುತ್ತದೆಂದು ಹೇಳುವ, ಸೊನ್ನೆಯಿಂದ ಶುರುವಾಗುವ ನಂಬರು, ಎರಡರ ಮೇಲೂ ಹಿಮದ ಚಿತ್ರ. ಆದರೆ ಆ ಊರಿನ ಡ್ರೈವರುಗಳು ಕ್ಯಾನ್ ಓದಿ ನಂಬುವವರಲ್ಲ.

"ಅದನ್ನ ಬರೆಯೋರು ಹೀಟರ್ ಪಕ್ಕ ಕೂತ್ಕೊಂಡು ಬರೀತಾರೆ," ಎಂದಿದ್ದ ಅಪ್ಪ. "ಚಳಿಗೆ ಇಟ್ಟು ನೋಡಿದ್ರೇನೇ ಗೊತ್ತಾಗೋದು."

ಕಂಪನಿಯ ಆಯಿಲ್ ಕಲ್ಲಾಗಿತ್ತು. ಬೆಚ್ಚಗಿನ ಆಫೀಸಿನಲ್ಲಿ ಚಹಾ ಕುಡಿಯುವ ಜನಕ್ಕೆ ಅದರಿಂದ ಏನಾಗಬೇಕು? ಅವರ ಬೆರಳು ಮರಗಟ್ಟುವುದಿಲ್ಲವಲ್ಲ.

ನಾರ್ಯಾಳಿಗೆ ಹೋದ ಚಳಿಗಾಲ ನೆನಪಾಯಿತು. ಅಂಗಳದಲ್ಲಿ ನಿಂತಿದ್ದ ಜೀಪಿನ ಆಯಿಲ್ ಹೀಗೇ ಗಟ್ಟಿಯಾಗಿತ್ತು. ಕೀ ತಿರುಗಿಸಿದರೆ ಎಂಜಿನ್ ಒಮ್ಮೆ ನರಳಿ ಸುಮ್ಮನಾಗುತ್ತಿತ್ತು. ಅಪ್ಪ ಎರಡು ದಿನ ಎಲ್ಲಿಗೂ ಹೋಗಲಿಲ್ಲ. ದೋಸೆಯಂಥ ಬ್ಲಿನಿ ಹೊಯ್ದು ತಿನ್ನಿಸಿದ. ಚೆಕರ್ಸ್ ಆಟದಲ್ಲಿ ಮೂರು ಸಲ ಸೋತು, ನಾರ್ಯಾಳನ್ನೇ ಕಳ್ಳಿ ಎಂದ. ಅಷ್ಟು ಒಳ್ಳೆಯ ಎರಡು ದಿನ ಆಮೇಲೆ ಬರಲೇ ಇಲ್ಲ.

ಅವಳು ಕೈಗವಸು ಕಳಚಿದಳು. ಚಳಿ ಬೆರಳನ್ನು ಕಚ್ಚಿತು. ಅವಸರವಸರವಾಗಿ ಕೆಂಪು ದಾರವನ್ನು ಬಿಚ್ಚಿ ಇನ್ನೊಂದು ಜಾಡಿಗೆ ಕಟ್ಟಿದಳು. ಒಳಗೆ ಓಡಿಬಂದು ಒಲೆಯ ಮುಂದೆ ಕೂತು ಬೆರಳು ಕಾಯಿಸಿಕೊಂಡಳು.

ಕತ್ತಲಾಗುವ ಹೊತ್ತಿಗೆ ಅಪ್ಪ ಬಂದ. ಹುಬ್ಬು, ಮೀಸೆಯೆಲ್ಲ ಬೆಳ್ಳಗಾಗಿದ್ದವು. ಜಾಡಿಗಳನ್ನು ದೀಪಕ್ಕೆ ಹಿಡಿದು ಓರೆ ಮಾಡಿದ. ದಾರ ಕಟ್ಟಿದ್ದು ಹರಿಯಿತು. ಅವನು ನಂಬಲಾರದೆ ಇನ್ನೊಮ್ಮೆ ನೋಡಿದ.

"ಅಬ್ಬಾ, ಈ ಸಲ ಕಂಪನಿಯೋರು ಮೋಸ ಮಾಡಿಲ್ಲ ಕಣೇ. ಪಾಪ, ಸುಮ್ನೆ ಬೈದುಬಿಟ್ಟೆ," ಎಂದ.

ನಾರ್ಯಾ ತಲೆ ತಗ್ಗಿಸಿ ಸೂಪ್ ಕುಡಿದಳು. ಊಟ ಮುಗಿಸಿ ಅಪ್ಪ ಆಯಿಲ್ ಬದಲಾಯಿಸಲು ಗ್ಯಾರೇಜಿಗೆ ಹೊರಟ. ನಾಳೆಯಿಂದ ಹೇಗೂ ನಾನು ಸಿಗುವುದಿಲ್ಲ, ನೀನೂ ಬಾ ಎಂದು ಅವಳನ್ನು ಕರೆದ. ಪೇಟೆಯ ಕ್ಯಾನ್ ಬೇಸಿಗೆಗಾದರೂ ಬೇಕಾದೀತೆಂದು, ಗ್ಯಾರೇಜಿನಲ್ಲಿಡಲು ಅದನ್ನೂ ಜೊತೆಗೆ ಒಯ್ದ.

ಗ್ಯಾರೇಜಿನ ಬಾಗಿಲು ತೆರೆದ ಕೂಡಲೇ ಬಿಸಿಗಾಳಿ ಮುಖಕ್ಕೆ ಬಡಿಯಿತು. ಗೋಡೆಗುಂಟ ಬಿಸಿನೀರಿನ ದಪ್ಪ ಪೈಪುಗಳು. ಅಪ್ಪ ಕೋಟು ಬಿಚ್ಚಿ ಬನಿಯನ್ನಿನಲ್ಲೇ ಕೆಲಸಕ್ಕೆ ನಿಂತ. ಹಳೇ ಆಯಿಲ್ ಇಳಿಸಿ, ಫನೆಲ್ ಇಟ್ಟು, ಕಂಪನಿಯ ಕ್ಯಾನನ್ನು ಎತ್ತಿ ಬಗ್ಗಿಸಿದ.

ಆಯಿಲ್ ಗಳಗಳನೆ ಸುರಿಯಿತು.

ನಾರ್ಯಾ ಕಣ್ಣು ಬಿಟ್ಟು ನೋಡಿದಳು. ಮೆಟ್ಟಿಲ ಮೇಲೆ ಕಲ್ಲಾಗಿದ್ದ ಆಯಿಲ್ ಇಲ್ಲಿ ನೀರಿನ ಹಾಗಿದೆ.

"ಅಪ್ಪಾ, ನಾಳೆ ಲಾರಿ ಸ್ಟಾರ್ಟ್ ಆಗುತ್ತಾ?"

"ಆಗ್ದೆ ಏನು? ಈ ಸೆಕೇಲಿ ಸಾರು ಹಾಕಿದ್ರೂ ಸ್ಟಾರ್ಟ್ ಆಗುತ್ತೆ," ಅಪ್ಪ ನಕ್ಕ. "ಒಳ್ಳೆ ಆಯಿಲ್ ಬೇಕಾಗೋದು ಇಲ್ಲಲ್ಲ ಮರಿ. ಅಲ್ಲಿ, ನದಿ ಮೇಲೆ."

ದಾರಿಯಲ್ಲಿ ಡ್ರೈವರುಗಳು ಎಂಜಿನ್ ಆಫ್ ಮಾಡುವುದೇ ಇಲ್ಲ, ಮಲಗಿದಾಗಲೂ ಅದು ಓಡುತ್ತಲೇ ಇರುತ್ತದೆ ಎಂದು ಅವನು ಹೇಳಿದ. ಆದರೆ ಡೀಸೆಲ್ ಪೈಪು ಕಟ್ಟಿಕೊಂಡರೆ ತಾನಾಗಿಯೇ ನಿಂತುಬಿಡುತ್ತದೆ. ಪೈಪು ಬಿಡಿಸಿ ಮತ್ತೆ ಕೀ ತಿರುಗಿಸುವಷ್ಟರಲ್ಲಿ ಕೆಟ್ಟ ಆಯಿಲ್ ಗಟ್ಟಿಯಾಗಿರುತ್ತದೆ. ಸುತ್ತ ಒಂದು ಮನೆ ಇಲ್ಲ, ಮರದ ತುಂಡಿಲ್ಲ. ಬರೀ ಮಂಜು. ಬೇರೆ ಲಾರಿ ಯಾವಾಗ ಬರುತ್ತದೋ ಯಾರಿಗೆ ಗೊತ್ತು. ಕಾಯುವವರನ್ನು ಚಳಿ ಕಾಯುವುದಿಲ್ಲ.

ಸಂತೆಯ ಸುದ್ದಿ ಹೇಳುವವನ ಹಾಗೆ ಇಷ್ಟನ್ನೂ ಹೇಳುತ್ತ ಅಪ್ಪ ಕ್ಯಾನನ್ನು ಇನ್ನಷ್ಟು ಬಗ್ಗಿಸಿದ.

ನಾರ್ಯಾ ಕ್ಯಾನಿನ ಬಾಯನ್ನೇ ನೋಡಿದಳು. ಲಾರಿ ಮನೆಯ ಹತ್ತಿರ ನಿಲ್ಲುವುದಿಲ್ಲ. ಅಲ್ಲಿ, ನದಿಯ ಮೇಲೆ ನಿಲ್ಲುತ್ತದೆ.

"ಸುರೀಬೇಡ ಅಪ್ಪಾ," ಎಂದಳು.

ಪೈಪುಗಳ ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲ. ಅವಳು ಹೋಗಿ ಅವನ ಮೊಣಕೈ ಹಿಡಿದಳು.

"ದಾರ ನಾನೇ ಬದಲಾಯ್ಸಿದ್ದು. ಗಟ್ಟಿ ಆಗಿದ್ದು ಕಂಪನಿ ಆಯಿಲ್."

ಅಪ್ಪ ಕ್ಯಾನನ್ನು ನೆಟ್ಟಗೆ ಮಾಡಿ ಕೆಳಗಿಟ್ಟ. ಬಹಳ ಹೊತ್ತು ಕೈ ಒರೆಸಿಕೊಂಡ. ಒರೆಸಲು ಅಷ್ಟೇನೂ ಇರಲಿಲ್ಲ.

"ಯಾಕೆ?"

"ಸ್ಟಾರ್ಟ್ ಆಗ್ದಿದ್ರೆ ನೀನು ಇಲ್ಲೇ ಇರ್ತೀಯ ಅಂತ."

ಅವನು ಬೈಯುತ್ತಾನೆಂದು ನಾರ್ಯಾ ಕಾದಳು. ಬೈಯಲಿಲ್ಲ. ಲಾರಿಯ ಗಾಲಿಗೆ ಒರಗಿ ನೆಲದ ಮೇಲೆ ಕೂತ. ಅಪ್ಪ ಹಾಗೆ ಕೂತದ್ದನ್ನು ಅವಳು ಹಿಂದೆಂದೂ ನೋಡಿರಲಿಲ್ಲ. ಅಪ್ಪನಿಗೂ ಅಲ್ಲಿ ಭಯವಾಗುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅಷ್ಟು ದೂರ, ಒಬ್ಬನೇ, ಮಾತಿಗೂ ಯಾರಿಲ್ಲದೆ.

ಆಮೇಲೆ ಅವನು ಎದ್ದು ಲಾರಿಯಡಿಗೆ ತೂರಿದ. ಸುರಿದದ್ದನ್ನೆಲ್ಲ ಮತ್ತೆ ಹೊರಗೆ ಬಿಟ್ಟ. ಕೊನೆಯ ಹನಿಯವರೆಗೂ ಕಾದ. ಪೇಟೆಯ ಕ್ಯಾನನ್ನು ಹತ್ತಿರಕ್ಕೆ ಎಳೆದುಕೊಂಡು ಫನೆಲನ್ನು ಅವಳಿಗೆ ಕೊಟ್ಟ.

"ಗಟ್ಟಿಯಾಗಿ ಹಿಡ್ಕೋ. ಚೆಲ್ಲಬಾರ್ದು."

ಅವಳು ಎರಡೂ ಕೈಯಲ್ಲಿ ಹಿಡಿದಳು. ಒಂದು ಹನಿಯೂ ಚೆಲ್ಲಲಿಲ್ಲ.

ಬೆಳಿಗ್ಗೆ ಅತ್ತೆಯ ಮನೆಯ ಮುಂದೆ ಲಾರಿ ಹಾರ್ನ್ ಹೊಡೆದು ಹೋಯಿತು. ನಾರ್ಯಾ ಬೀದಿಗೆ ಬಂದು ನಿಂತಳು. ಮಂಜಿನಲ್ಲಿ ಹಿಂದಿನ ದೀಪ ಬೇಗನೆ ಮಾಯವಾಯಿತು. ಎಂಜಿನ್ನಿನ ಸದ್ದು ಮಾತ್ರ ಉಳಿಯಿತು. ಹಿಂದೆಲ್ಲ ಅಪ್ಪ ಹೊರಟಾಗ ಅವಳು ಆ ಸದ್ದು ಕೇಳಬಾರದೆಂದು ದಿಂಬಿನಡಿ ತಲೆ ಹುದುಗಿಸುತ್ತಿದ್ದಳು.

ಇವತ್ತು ಕಿವಿ ಮುಚ್ಚುವ ಟೋಪಿಯ ಪಟ್ಟಿಗಳನ್ನು ಮೇಲಕ್ಕೆ ಮಡಚಿದಳು.

ಸದ್ದು ನದಿಗೆ ಇಳಿಯಿತು. ತಿರುವು ದಾಟಿತು. ಸೂಜಿಯಷ್ಟು ಸಣ್ಣದಾಯಿತು. ಆದರೆ ನಿಲ್ಲಲಿಲ್ಲ.

ಫೆವ್ರೋನ್ಯಾ ಅತ್ತೆ ಬಾಗಿಲಿನಿಂದ ತಲೆ ಹಾಕಿ, "ಒಳಗೆ ಬಾರೇ, ಕಿವಿ ಉದುರಿ ಬಿದ್ರೆ ನಿಮ್ಮಪ್ಪನಿಗೆ ನಾನೇನು ಹೇಳ್ಲಿ?" ಎಂದಳು.

"ಸ್ವಲ್ಪ ಇರಿ ಅತ್ತೆ," ಎಂದಳು ನಾರ್ಯಾ. "ಇನ್ನೂ ಕೇಳ್ತಿದೆ."