ಗೇನ್ ಬ್ಯಾಡ ಅಂದಾಕಿ

"ಕಾಕಾ, ಇದಕ್ಕ ಇನ್ನೊಂದ ವಾಲ್ವ್ ಹಾಕಿ ಗೇನ್ ಹೆಚ್ಚ ಮಾಡಿಕೊಡ್ರಿ. ಆವಾಜ ಸಾಲವಲ್ದು!"

ಸೈಕಲ್ಲಿನ ಕ್ಯಾರಿಯರ್‌ನಿಂದ ಬಿಚ್ಚಿ ತಂದ ಗಿಟಾರಿನ ಆಂಪ್ಲಿಯ ಮರದ ಪೆಟ್ಟಿಗೆಯನ್ನು ಕುಂಥುನಾಥ ಮೇಜಿನ ಮೇಲಿಟ್ಟು ಇನ್ನೂ ಕೈ ತೆಗೆದಿರಲಿಲ್ಲ. ಅಂಗಡಿಯ ಪರದೆಯ ಹಿಂದಿನಿಂದ ಒಂದು ದನಿ ಬಂತು.

"ಗೇನ್ ಹೆಚ್ಚ ಮಾಡಿದ್ರ ಆವಾಜ ಹೆಚ್ಚಾಗೂದಿಲ್ಲ. ಗೊರಗೊರ ಹೆಚ್ಚಾಗತೈತಿ!"

ಹೆಣ್ಣು ದನಿ!

ಕಾಕಾಸಾಹೇಬರು ಜೋರಾಗಿ ಕೆಮ್ಮಿದರು. ಬಾಯಿ ಮುಚ್ಚು ಎಂದು ಮಗಳಿಗೆ ಹೇಳುವ ಕೆಮ್ಮು ಅದು.

"ನನ್ನ ಮಗಳಪ್ಪಾ, ಛಾಯಾ. ನಾ ಮಾತಾಡೂದ ಕೇಳಿ ಕೇಳಿ ನಾಕ ಮಾತ ಕಲ್ತಾಳ. ನೀ ಮನಸ್ಸಿಗೆ ಹಚ್ಕೋಬ್ಯಾಡ."

ಕುಂಥುನಾಥ ಪರದೆಯತ್ತ ನೋಡಿದ. ಪರದೆ ಅಲ್ಲಾಡಲಿಲ್ಲ. 'ಇಷ್ಟು ಖಡಕ್ಕಾಗಿ ಮಾತಾಡುವವಳು ನೋಡಲು ಹೇಗಿದ್ದಾಳೋ...' ಎಂದುಕೊಂಡ. ಇಪ್ಪತ್ತಾರರ ವಯಸ್ಸಿನವರಿಗೆ ಇಂಥ ಯೋಚನೆಗಳು ಕರೆಯದೆಯೇ ಬರುತ್ತವೆ.

ಅದು 1964ರ ಇಚಲಕರಂಜಿ. ಕಾಕಾಸಾಹೇಬರ ರೇಡಿಯೋ ರಿಪೇರಿ ಅಂಗಡಿಯ ಎಡಕ್ಕೊಂದು, ಬಲಕ್ಕೊಂದು ಮಗ್ಗದ ಶೆಡ್ಡು. ಎರಡೂ ಪಾಳಿಯಲ್ಲಿ ಖಟಖಟ, ಖಟಖಟ... ಆ ಗಲ್ಲಿಯ ಜನ ಎದುರಿನವರ ಮಾತನ್ನು ಅರ್ಧ ಕಿವಿಯಿಂದ, ಅರ್ಧ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದರು. ಅದೊಂದು ವಿದ್ಯೆ ಎಂದು ಅವರಿಗೆ ಯಾವತ್ತೂ ಅನ್ನಿಸಿರಲಿಲ್ಲ.

ಅಂಗಡಿಯ ಗುಟ್ಟು ಒಂದೇ. ಎರಡು ವರ್ಷದಿಂದ ಕಾಕಾಸಾಹೇಬರ ಕಣ್ಣು ಮಬ್ಬಾಗಿತ್ತು. ಎದುರಿಗೆ ಕೂತು ಗಿರಾಕಿಯ ಜೊತೆ ಮಾತಾಡುವುದು ಅವರು. ಪರದೆಯ ಹಿಂದೆ ಕೂತು ಬೆಸುಗೆ ಹಾಕುವುದು ಛಾಯಾ. ಹೆಸರು ಅಪ್ಪನದು, ಕೈ ಮಗಳದು. ಹೆಣ್ಣುಮಗಳು ಬಿಚ್ಚುತ್ತಾಳೆಂದು ಗೊತ್ತಾದರೆ ಯಾರು ತಾನೇ ಮನೆಯ ರೇಡಿಯೋ ತಂದುಕೊಟ್ಟಾರು? ಹಾಗೆಂದು ಅಪ್ಪನ ಹೆದರಿಕೆ. ಮಗಳದು ಹೆದರಿಕೆಯಲ್ಲ, ಸಿಟ್ಟು. ಆದರೆ ಅಪ್ಪನ ಮಾತು ಮೀರಿದವಳಲ್ಲ.

ಕುಂಥುನಾಥ ಮಗ್ಗ ಕೆಟ್ಟರೆ ಸರಿಮಾಡುವ ಜಾಬರ್. ಹಗಲು ಮಗ್ಗ, ಸಂಜೆ ಹವಾಯಿಯನ್ ಗಿಟಾರ್. ತೊಡೆಯ ಮೇಲೆ ಅಡ್ಡ ಮಲಗಿಸಿ, ತಂತಿಯ ಮೇಲೆ ಉಕ್ಕಿನ ತುಂಡು ಜಾರಿಸಿ ಬಾರಿಸುವ ಗಿಟಾರ್ ಅದು. ಅದರ ಸಣ್ಣ ಸದ್ದನ್ನು ದೊಡ್ಡದು ಮಾಡುವುದು ಆಂಪ್ಲಿ, ಎಷ್ಟು ಪಟ್ಟು ದೊಡ್ಡದು ಎಂಬುದೇ ಗೇನ್. ಇನ್ನು ಹನ್ನೆರಡು ದಿನಕ್ಕೆ ಕೊಲ್ಲಾಪುರದ ಆಬಾಸಾಹೇಬರ ಆರ್ಕೆಸ್ಟ್ರಾದಲ್ಲಿ ಅವನ ಪರೀಕ್ಷೆ. ಒಪ್ಪಿದರೆ ಗಿಟಾರ್ ವಾದಕ. ಇಲ್ಲವಾದರೆ ಕೊನೆಯವರೆಗೂ ಜಾಬರ್. ಎರಡನೆಯ ಅವಕಾಶವನ್ನು ಆಬಾಸಾಹೇಬರು ಯಾರಿಗೂ ಕೊಟ್ಟವರಲ್ಲ.

"ಮನ್ಯಾಗ ಬಾರಿಸಿದ್ರ ನನಗ ಕೇಳಸೂದಿಲ್ರಿ ಕಾಕಾ. ಅಷ್ಟ ದೊಡ್ಡ ಹಾಲಿನ್ಯಾಗ ಯಾರಿಗಿ ಕೇಳಸ್ತೈತಿ?"

ಆ ಮಾತಿನಲ್ಲಿ ಒಂದು ತಪ್ಪಿತ್ತು. ಅದು ಅವನಿಗೂ ತಿಳಿಯಲಿಲ್ಲ, ಕಾಕಾಸಾಹೇಬರಿಗೂ ತಿಳಿಯಲಿಲ್ಲ.

ಅವನು ಹೋದ ಮೇಲೆ ಛಾಯಾ ಪೆಟ್ಟಿಗೆ ಬಿಚ್ಚಿದಳು. ಬೊಂಬಾಯಿಯ ಯಾರೋ ಒಬ್ಬ ಮೆಕ್ಯಾನಿಕ್ ಕಟ್ಟಿದ್ದು. ಅಚ್ಚುಕಟ್ಟು ಕೆಲಸ! ಗಾಜಿನ ಬುರುಡೆಗಳಂಥ ವಾಲ್ವ್‌ಗಳ ಪಕ್ಕ, ತಗಡಿನ ಮೇಲೆ ಇನ್ನೊಂದು ಕೂರುವಷ್ಟು ಖಾಲಿ ತೂತು ಕೂಡ ಬಿಟ್ಟಿದ್ದ.

"ಅಪ್ಪಾ, ಜಾಗಾ ಇಟ್ಟಾನ, ಆದ್ರ ಹಾಕಿಲ್ಲ. ಬ್ಯಾಡ ಅನ್ನಿಸಿರಬೇಕು. ಇನ್ನೊಂದ ವಾಲ್ವ್ ಹಾಕಿದ್ರ ತಂತಿ ಆವಾಜ ಅಷ್ಟ ಅಲ್ಲ, ಬೆರಳ ಸವರಿದ್ದು, ಕರೆಂಟಿನ ಗುಂಯ್, ಎಲ್ಲಾ ದೊಡ್ಡದಾಗತೈತಿ. ಕಡೀ ವಾಲ್ವ್ ತಡಕೊಳ್ಳೂದಿಲ್ಲ."

"ಗಿರಾಕಿ ಕೇಳಿದ್ದ ಮಾಡವ್ವಾ. ಬಾರಸಾಂವ ಆಂವ."

ಛಾಯಾ ಮಾಡಿದಳು. ಮನಸ್ಸಿಲ್ಲದೆ ಮಾಡಿದರೂ ಬೆಸುಗೆ ಮಾತ್ರ ಮುತ್ತಿನಂತಿತ್ತು.

ಮೂರನೆಯ ದಿನ ಕುಂಥುನಾಥ ಗಿಟಾರ್ ಹಿಡಿದು ಬಂದ. ಎರಡೂ ಶೆಡ್ಡುಗಳು ಗಡಗಡಿಸುತ್ತಿದ್ದವು. ಅವನು ತಂತಿ ಮೀಟಿದ...

ಗಿಟಾರ್ ಮಗ್ಗಗಳ ಸದ್ದನ್ನು ಸೀಳಿಕೊಂಡು ಎದ್ದಿತು!

"ಕಾಕಾ!" ಅವನು ಕೂತಲ್ಲೇ ಹಾರಿಬಿದ್ದ. "ಏನ ಕೈರೀ ನಿಮ್ಮದು!"

ಪರದೆಯ ಹಿಂದೆ ಛಾಯಾ ತನ್ನ ಕೈಗಳನ್ನು ನೋಡಿಕೊಂಡಳು. ಹೊಗಳಿಕೆ ಬಂದದ್ದು ಅವಕ್ಕೆ, ಮುಟ್ಟಿದ್ದು ಬೇರೆಯವರಿಗೆ. 'ನನ್ನ ಎಣಿಕೆಯೇ ತಪ್ಪಾಯಿತೇ?' ಎಂದು ಮೊದಲ ಬಾರಿ ಅನುಮಾನ ಬಂತು. ತಪ್ಪಾಗಿದ್ದರೂ ಬೇಜಾರಿಲ್ಲ ಅನ್ನಿಸಿತು! ಅದೇ ಅವಳಿಗೆ ವಿಚಿತ್ರವೆನಿಸಿದ್ದು.

ಆಂಪ್ಲಿ, ಗಿಟಾರ್ ಎರಡನ್ನೂ ಅಂಗಡಿಯಲ್ಲೇ ಬಿಟ್ಟು ಅವನು ದಿನಾ ಪಾಳಿ ಮುಗಿಸಿ ಬಂದು ಬಾರಿಸತೊಡಗಿದ. ಬಾರಿಸಿ ಮುಗಿದ ಮೇಲೆ ಪರದೆಗೆ ಕೇಳುತ್ತಿದ್ದ.

"ಇವತ್ತ ಹೆಂಗಾತ್ರಿ?"

"ಎರಡನೇದು ಚಲೋ ಇತ್ತು. ಮೊದಲನೇದರಾಗ ಅವಸರ ಮಾಡಿದ್ರಿ."

"ಪರದೆ ಹಿಂದ ಕುಂತ ಇಷ್ಟೆಲ್ಲಾ ಕೇಳತೈತೇನ್ರಿ?"

"ಕಣ್ಣಿಗೆ ಕೆಲಸ ಇಲ್ಲಂದ್ರ ಕಿವಿ ಚಲೋ ಕೇಳತಾವು."

ಅವನು ನಕ್ಕ. ಅವಳೂ ನಕ್ಕಳು, ಸದ್ದಿಲ್ಲದೆ. ಆ ವಾರ ಅವಳು ಒಂದೇ ರೇಡಿಯೋವನ್ನು ಮೂರು ಸಲ ಬಿಚ್ಚಿ ಮೂರು ಸಲ ಜೋಡಿಸಿದಳು. ಅದರಲ್ಲಿ ಅಂಥ ದೋಷವೇನೂ ಇರಲಿಲ್ಲ.

ಪರೀಕ್ಷೆಗೆ ಎರಡು ದಿನ ಉಳಿದಿರುವಾಗ ಮಗ್ಗಗಳ ವಾರದ ರಜೆ ಬಂತು. ರಜೆಯ ದಿನವೇ ಜಾಬರನಿಗೆ ಹೆಚ್ಚು ಕೆಲಸ, ಮಗ್ಗ ಬಿಚ್ಚಿ ಎಣ್ಣೆ ಹಾಕುವುದು ಆವತ್ತೇ. ಹಾಗಾಗಿ ಕುಂಥುನಾಥ ಬರಲಿಲ್ಲ.

ಛಾಯಾ ಕಸ ಗುಡಿಸುತ್ತ ಗಿಟಾರಿನ ಹತ್ತಿರ ನಿಂತಳು. ಒಂದು ಸಲ ಮುಟ್ಟಿದರೇನು? ಆಂಪ್ಲಿ ಹಚ್ಚಿದಳು.

ಗುಂಯ್...

ಬೆರಳು ತಂತಿಗೆ ತಾಗುವ ಮೊದಲೇ ಅಂಗಡಿಯೆಲ್ಲ ಗುಂಯ್‌ಗುಟ್ಟಿತು. ಮೀಟಿದಳು. ಸ್ವರ ಒಡೆದು ಗೊರಗೊರ ಎಂದಿತು!

ಅವಳು ಬೀದಿಯತ್ತ ನೋಡಿದಳು. ಗಲ್ಲಿ ನಿಶ್ಶಬ್ದವಾಗಿತ್ತು. ಮಗ್ಗಗಳಿಲ್ಲ... ಕೊಲ್ಲಾಪುರದ ಹಾಲಿನಲ್ಲೂ ಮಗ್ಗಗಳಿರುವುದಿಲ್ಲ!

'ಅಯ್ಯೋ! ಅವರ ಮನೆಯ ಗೋಡೆಗೂ ಶೆಡ್ಡು ಅಂಟಿಕೊಂಡಿದೆ. ಅವರು ಇದನ್ನು ಮೌನದಲ್ಲಿ ಕೇಳಿಯೇ ಇಲ್ಲ. ನಾನೂ ಕೇಳಿರಲಿಲ್ಲ!'

ಪೂರ್ತಿ ತೆಗೆದುಹಾಕಲು ಅವಳಿಗೆ ಧೈರ್ಯವಾಗಲಿಲ್ಲ, ಪೆಟ್ಟಿಗೆ ಅವನದು. ಹಿಂಬದಿಗೆ ಒಂದು ಸ್ವಿಚ್ ಕೂರಿಸಿದಳು. ಮೇಲೆ ಮಾಡಿದರೆ ಹೊಸ ವಾಲ್ವ್ ಸೇರಿ ದುಡಿಯುತ್ತದೆ, ಕೆಳಗೆ ಮಾಡಿದರೆ ಮೊದಲಿದ್ದ ಹಾಗೆ. ಕೆಳಗೆ ಮಾಡಿ ಮೀಟಿದಳು. ಒಂದೇ ಒಂದು ಸ್ವರ, ತಿಳಿಯಾಗಿ, ಬೀದಿಯ ಆಚೆ ತುದಿಯವರೆಗೆ ಹೋಯಿತು. ಛಾಯಾ ಕಣ್ಣೊರೆಸಿಕೊಂಡಳು. ಯಾಕೆಂದು ಅವಳನ್ನು ಕೇಳಿದರೆ ಬೆಸುಗೆಯ ಹೊಗೆ ಎನ್ನುತ್ತಿದ್ದಳು.

ಮರುದಿನ ಮಗ್ಗಗಳು ಶುರುವಾಗಿದ್ದವು. ಕುಂಥುನಾಥ ಬಂದು ಮೀಟಿದ. ಏನೂ ಕೇಳಿಸಲಿಲ್ಲ!

"ಕಾಕಾ! ಏನಾತಿದು? ನಾಳೆ ನನ್ನ ಪರೀಕ್ಷಾ!"

ಕಾಕಾಸಾಹೇಬರು ತಡವರಿಸಿದರು. "ಅದೇನಂದ್ರಪಾ... ಗೇನ್ ಜರಾ ಕಡಿಮಿ..."

"ಯಾರ ಹೇಳಿದ್ರು ಕಡಿಮಿ ಮಾಡಾಕ? ಕಣ್ಣ ಹೋಗ್ಯಾವು ಅಂತ ಮಂದಿ ಅಂದ್ರ ನಾ ನಂಬಿರಲಿಲ್ಲ. ಕಿವೀನೂ ಹೋದುವೇನ್ರಿ?"

ಪರದೆ ಸರಕ್ಕನೆ ಸರಿಯಿತು.

ಬೆರಳಿನಲ್ಲಿ ಸುಟ್ಟ ಕಲೆಯಿದ್ದ, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದ ಛಾಯಾ ಎದುರಿಗೆ ನಿಂತಿದ್ದಳು. ಹನ್ನೊಂದು ದಿನದಿಂದ ಅವನು ನೋಡಬೇಕೆಂದುಕೊಂಡಿದ್ದ ಮುಖ ಅದು. ಈಗ ಅದರಲ್ಲಿ ಬೆಂಕಿಯಿತ್ತು.

"ಅಪ್ಪಾಗ ಏನೂ ಅನಬ್ಯಾಡ್ರಿ! ಹಾಕಿದಾಕಿನೂ ನಾನ, ಬದಲ ಮಾಡಿದಾಕಿನೂ ನಾನ. ಎರಡ ವರ್ಷದಿಂದ ಈ ಅಂಗಡೀ ಕೆಲಸ ಎಲ್ಲಾ ನಂದ!"

ರೇಡಿಯೋ ಒಯ್ಯಲು ಬಂದು ಮೂಲೆಯಲ್ಲಿ ಕೂತಿದ್ದ ನೆರೆಮನೆಯ ಸೋನಾಬಾಯಿ ಬಾಯಿ ತೆರೆದು ನೋಡಿದಳು.

"ನೀವ... ಮಾಡಿದ್ದಾ?" ಕುಂಥುನಾಥನ ದನಿ ಇಳಿಯಿತು, ಮತ್ತೆ ಏರಿತು. "ಹೆಣ್ಣಮಕ್ಕಳ ಕೈಯಾಗ ಕೊಡಾಕತ್ತೇನಿ ಅಂತ ಮೊದ್ಲ ಗೊತ್ತಿದ್ರ..."

ಮಾತನ್ನು ಅರ್ಧಕ್ಕೆ ನುಂಗಿದ. ಆದರೆ ಉಳಿದರ್ಧ ಎಲ್ಲರಿಗೂ ಕೇಳಿಸಿತ್ತು.

ಛಾಯಾಳ ಮುಖ ಬಿಳಿಚಿತು. ದನಿ ಮಾತ್ರ ನಡುಗಲಿಲ್ಲ.

"ಹಿಂದ ಸ್ವಿಚ್ ಐತಿ. ಮ್ಯಾಲ ಮಾಡಿದ್ರ ನಿಮ್ಮ ಗೇನ್. ಕೆಳಗ ಮಾಡಿದ್ರ ಮೊದಲಿನಂಗ. ಕೊಲ್ಲಾಪುರದಾಗ ಕೆಳಗ ಇಟ್ಟ ಬಾರಸ್ರಿ. ಒಂದ ಕೇಳತೇನಿ... ಮಗ್ಗ ಇಲ್ಲದಾಗ ನಿಮ್ಮ ಗಿಟಾರ ಎಂದಾರ ಕೇಳೀರೇನ್ರಿ?"

ಆ ಪ್ರಶ್ನೆಗೆ ಅವನಿಗೆ ಇನ್ನಷ್ಟು ಸಿಟ್ಟು ಬಂತು. ಅವಳ ಕಣ್ಣೆದುರೇ ಸ್ವಿಚ್ಚನ್ನು ಮೇಲೆ ತಳ್ಳಿದ, ಪೆಟ್ಟಿಗೆ, ಗಿಟಾರ್ ಎತ್ತಿಕೊಂಡು ನಡೆದ.

ಕೊಲ್ಲಾಪುರದ ಹಾಲಿನಲ್ಲಿ ಆಬಾಸಾಹೇಬರು, ನಾಲ್ಕೈದು ವಾದಕರು, ಮತ್ತು ಖಾಲಿ ಬೆಂಚುಗಳು. ಕುಂಥುನಾಥ ಆಂಪ್ಲಿ ಹಚ್ಚಿದ.

ಗುಂಯ್...

ಅವನೇ ಬೆಚ್ಚಿದ. ಇದು ಎಲ್ಲಿಂದ ಬಂತು? ಮೀಟಿದ. ಗೊರಗೊರ! ತಬಲಾದವನು ಕಿವಿ ಮುಚ್ಚಿಕೊಂಡ. ಆಬಾಸಾಹೇಬರು ಕೈ ಎತ್ತಿದರು.

"ಪುರೆ, ಪುರೆ. ಸಾಕು."

ಹನ್ನೆರಡು ದಿನದ ಆಸೆ ಒಂದು ನಿಮಿಷದಲ್ಲಿ ಮುಗಿಯಿತು. ಪೆಟ್ಟಿಗೆ ಮುಚ್ಚಲು ಬಗ್ಗಿದವನಿಗೆ ಹಾಲಿನ ಮೌನ ಕೇಳಿಸಿತು. ಎಲ್ಲಿಯೂ ಖಟಖಟ ಇಲ್ಲ. 'ಮಗ್ಗ ಇಲ್ಲದಾಗ ನಿಮ್ಮ ಗಿಟಾರ ಎಂದಾರ ಕೇಳೀರೇನ್ರಿ?'

ಇಲ್ಲ. ಒಮ್ಮೆಯೂ ಕೇಳಿರಲಿಲ್ಲ!

"ಸಾಹೇಬ್ರ, ಒಂದ ನಿಮಿಷ! ತಪ್ಪ ನಂದು. ಒಂದ ನಿಮಿಷ ಕೊಡ್ರಿ."

ಪೆಟ್ಟಿಗೆಯ ಹಿಂದೆ ಕೈ ಹಾಕಿ ಸ್ವಿಚ್ಚನ್ನು ಕೆಳಗೆ ಒತ್ತಿದ. ಮೀಟಿದ...

ಸ್ವರ ತಿಳಿಯಾಗಿ ಹೊರಟಿತು. ಕೊನೆಯ ಬೆಂಚಿನವರೆಗೂ ಹೋಗಿ, ನಿಧಾನವಾಗಿ ಆರಿತು. ಎಂಟು ವರ್ಷದಿಂದ ಬಾರಿಸಿದ್ದು ಇದನ್ನೇ? ಇಷ್ಟು ಚೆಂದವಾದದ್ದನ್ನು ಅವಳು ಮೊದಲು ಕೇಳಿದ್ದಳು. ಕೇಳಿ, ಉಳಿಸಿ ಕೊಟ್ಟಿದ್ದಳು. ಅವನು ಕೊಟ್ಟದ್ದು ಆ ಅರ್ಧ ಮಾತು.

ಆಬಾಸಾಹೇಬರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು.

"ಪುನ್ಹಾ ವಾಜವಾ," ಎಂದರು ಮೆಲ್ಲಗೆ. "ಮತ್ತೊಮ್ಮಿ ಬಾರಸು."

ಇಚಲಕರಂಜಿಗೆ ಈ ಸುದ್ದಿ ಬರಲಿಲ್ಲ. ಬೇರೆ ಸುದ್ದಿ ಹರಡಿತು. ಸೋನಾಬಾಯಿಯ ಬಾಯಿಯಿಂದ ಎರಡೇ ದಿನದಲ್ಲಿ ಇಡೀ ಗಲ್ಲಿಗೆ ಛಾಯಾಳ ಬೆಸುಗೆಯ ವಿಷಯ ಗೊತ್ತಾಯಿತು. ಇಬ್ಬರು ಬಂದು ತಮ್ಮ ರೇಡಿಯೋ ವಾಪಸು ಒಯ್ದರು.

ಮೂರು ವಾರವಾದರೂ ಕುಂಥುನಾಥನ ಸುಳಿವಿರಲಿಲ್ಲ.

"ನನ್ನಿಂದ ಅವರ ನಸೀಬ ಕೆಟ್ಟಿತೇನೋ ಅಪ್ಪಾ..."

"ಹುಚ್ಚಿ. ಸೆಟ್ ಕೆಟ್ಟರ ಗಿರಾಕಿ ಹೊಳ್ಳಿ ಬರತಾನ, ಬೈತಾನ. ಚಲೋ ನಡದ್ರ ಯಾಕ ಬರತಾನ? ಬಂದಿಲ್ಲಂದ್ರ ಚಲೋ ಆಗೇತಿ ಅಂತ ತಿಳಿ."

ಮೆಕ್ಯಾನಿಕ್ಕನ ಸಮಾಧಾನ ಅದು. ಛಾಯಾಳಿಗೆ ಅದರಿಂದ ಸಮಾಧಾನವಾಗಲಿಲ್ಲ. ಅವರಿಗೆ ಒಳ್ಳೆಯದಾಗಿದ್ದರೆ ಅವರು ಬರುವುದಿಲ್ಲ. ಬಂದರೆ ಕೆಟ್ಟಿದೆ ಎಂದರ್ಥ. ಯಾವುದನ್ನು ಬೇಡಿಕೊಳ್ಳಬೇಕು?

ನಾಲ್ಕನೆಯ ವಾರ, ಮಗ್ಗಗಳು ಭರದಿಂದ ನಡೆಯುತ್ತಿದ್ದಾಗ, ಬಾಗಿಲಲ್ಲಿ ಸೈಕಲ್ ನಿಂತಿತು. ಅದೇ ಮರದ ಪೆಟ್ಟಿಗೆ! ಅದರ ಮೇಲೆ ಇನ್ನೊಂದು ದೊಡ್ಡ ಪೆಟ್ಟಿಗೆ.

'ಕೆಟ್ಟೇಬಿಟ್ಟಿತೇ?' ಎಂದುಕೊಂಡಳು ಛಾಯಾ.

"ಕಾಕಾ, ನಾ ಕುಂಥುನಾಥ."

"ಬಾರಪ್ಪಾ," ಕಾಕಾಸಾಹೇಬರ ದನಿ ಸೋತಿತ್ತು. "ಕೆಟ್ಟೈತೇನು?"

"ಇಲ್ರಿ. ಭಾಳ ಚಲೋ ಐತಿ. ಆಬಾಸಾಹೇಬ್ರು ನನ್ನ ಇಟ್ಕೊಂಡ್ರು. ಗಡಹಿಂಗ್ಲಜದಾಗ ಮೊದಲನೇ ಪ್ರೋಗ್ರಾಂ ಆತು. ಅದಕ್ಕ ಇಷ್ಟ ದಿವಸ..."

"ಕೆಟ್ಟಿಲ್ಲಂದ್ರ ಮತ್ಯಾಕ ಬಂದಿ?"

ಕುಂಥುನಾಥ ತಲೆ ತಗ್ಗಿಸಿದ. "ಕೆಟ್ಟದ್ದು ನನ್ನ ಬಾಯಿರಿ ಕಾಕಾ. ನಿಮಗ ಕಣ್ಣ, ಕಿವಿ ಅಂದೆ. ತಪ್ಪಾತು. ಅವರಿಗೆ ಅಂದದ್ದಕ್ಕ ತಪ್ಪಾತು ಅಂದ್ರೂ ಸಾಲೂದಿಲ್ಲ."

ಅವನು ದೊಡ್ಡ ಪೆಟ್ಟಿಗೆಯನ್ನು ಮುಂದೆ ಸರಿಸಿದ. ಆರ್ಕೆಸ್ಟ್ರಾದ ಮೈಕಿನ ಆಂಪ್ಲಿ. ಮೇಲೆ ಅಂಟಿಸಿದ ಚೀಟಿಯಲ್ಲಿ ದಪ್ಪ ಅಕ್ಷರ: ಛಾಯಾಬಾಯಿ, ರೇಡಿಯೋ ಮೆಕ್ಯಾನಿಕ್, ಇಚಲಕರಂಜಿ.

"ಯಾರ ರಿಪೇರಿ ಮಾಡ್ಯಾರು ಅಂತ ಕೇಳಿದ್ರು. ಹೆಸರ ಹೇಳಿದೆ. ಅವರ ಕೈಯಾಗ ಕೊಟ್ಟ ಬಾ ಅಂದ್ರು."

ಛಾಯಾ ಪರದೆ ಸರಿಸಿ ಬಂದಳು. ಚೀಟಿಯನ್ನು ಎರಡು ಸಲ ಓದಿದಳು. ಅವನ ಮುಖವನ್ನು ಮಾತ್ರ ನೋಡಲಿಲ್ಲ.

"ಮತ್ತ ಇದು?" ಸಣ್ಣ ಪೆಟ್ಟಿಗೆ ತೋರಿಸಿದಳು.

"ಆ ಸ್ವಿಚ್ ತಗದಬಿಡ್ರಿ. ವಾಲ್ವ್‌ನೂ ತಗೀರಿ. ಇನ್ನ ಮ್ಯಾಲ ಮಾಡೂದಿಲ್ಲ."

"ನಾಳೆ ಮನಸ್ಸ ಬದಲಾದ್ರ?"

"ಆಗೂದಿಲ್ರಿ."

ಆಗ ಅವಳು ತಲೆ ಎತ್ತಿದಳು. ಎಡಬಲದ ಮಗ್ಗಗಳು ಖಟಖಟಿಸುತ್ತಿದ್ದವು. ಕುಂಥುನಾಥ ಒಂದು ಹೆಜ್ಜೆ ಮುಂದೆ ಬಂದು, ದನಿಯನ್ನೇ ಬಿಡದೆ, ಬರೀ ತುಟಿ ಅಲ್ಲಾಡಿಸಿದ.

ನನ್ನ ಲಗ್ನ ಆಗತೀರೇನ್ರಿ?

ಆ ಗಲ್ಲಿಯಲ್ಲಿ ಹುಟ್ಟಿದವಳಿಗೆ ಒಂದಕ್ಷರವೂ ತಪ್ಪಲಿಲ್ಲ. ಅವಳ ಮುಖ ಕಿವಿಯವರೆಗೆ ಕೆಂಪೇರಿತು.

"ಏನಂದಾ ಆಂವ?" ಕಾಕಾಸಾಹೇಬರು ಕೇಳಿದರು.

"ಆಂಪ್ಲಿ ವಿಷಯ, ಅಪ್ಪಾ." ಆಮೇಲೆ ಕುಂಥುನಾಥನ ಕಡೆ ತಿರುಗಿದಳು. ಕಣ್ಣು ತುಂಬಿದ್ದರೂ ತುಟಿಯಂಚಿನಲ್ಲಿ ನಗು. "ಕೇಳಸಲಿಲ್ರಿ. ಜರಾ ಜೋರಾಗಿ ಹೇಳ್ರಿ."

"ಗೇನ್ ಬ್ಯಾಡ ಅಂದಾಕಿ ನೀವ ಅಲ್ರೀ?"

ಛಾಯಾ ನಕ್ಕುಬಿಟ್ಟಳು. ಈ ಸಲ ಸದ್ದು ಮಾಡಿಯೇ ನಕ್ಕಳು. ಆಮೇಲೆ ಅವನ ಹಾಗೆಯೇ, ದನಿಯಿಲ್ಲದೆ, ತುಟಿಯಲ್ಲಷ್ಟೇ ಉತ್ತರ ಕೊಟ್ಟಳು.

ಹೂಂ ರೀ.