ನಾಕು ಕಾಗದದ ಪಟ್ಟಿ

ಸುಳ್ಳು ಹೇಳಿ ನನಗೇನು ಸಿಗೂದೈತ್ರಿ? ೧೯೩೮ರಾಗ, ಸಪ್ತಾಪುರದ ನಮ್ಮ ಮನಿ ಪಡಸಾಲ್ಯಾಗ, ಹಾಡಹಗಲ ನಡದದ್ದಿದು. ನಾನೂ ಬಸಣ್ಣ ಕಾಕಾನೂ ರೇಡಿಯೋಕ್ಕಂತ ಕೈಯಾರೆ ಲೌಡ್‌ಸ್ಪೀಕರ್ ಕಟ್ಟಾಕತ್ತಿದ್ವಿ. ತೀರಿಹೋದ ನಮ್ಮ ಕಾಳವ್ವಜ್ಜಿ ಬೀಸಾಕ ಕುಂದರ್ತಿದ್ದ ಮಣಿಗೇ ದುಂಡಗ ತೂತ ಕೊರದು, ಅದರಾಗ ಕೂಡಿಸಿದ್ವಿ. ಆದ್ರ ಕಾಗದದ ಕೋನ್ ಒತ್ತಿದ್ರ ಸಾಕು, ಹಿಂದಿನ ತಂತಿಸುರುಳಿ ಅಯಸ್ಕಾಂತಕ್ಕ ತಿಕ್ಕಿ ಕರಕರ ಅಂತಿತ್ತು.

“ಬೀಸೂಕಲ್ಲಿನ ಗೂಟ ವಾರಿ ಆದಂಗ ಆಗೇತಿ. ಸುರುಳಿ ನಟ್ಟನಡುವ ತರಬೇಕು,” ಅಂದ್ರು ಕಾಕಾ.

ಸುರುಳಿ ಸುತ್ತ ಪೋಸ್ಟ್‌ಕಾರ್ಡಿನ ನಾಕು ಪಟ್ಟಿ ತುರುಕಿ, ನಡು ಹಿಡದು, ಸ್ಕ್ರೂ ಬಿಗದು, ಪಟ್ಟಿ ಒಂದೊಂದ ಎಳದು ಮುಷ್ಟ್ಯಾಗ ಹಿಡಕೊಂಡೆ. ಮತ್ತ ಒತ್ತಿದೆ. ಒಂಚೂರೂ ಸಪ್ಪಳಿಲ್ಲ!

“ಗೆದ್ವಿ ನೋಡ್ರಿ ಕಾಕಾ!” ಅಂತ ಕುಣದೇಬಿಟ್ಟೆ.

ಕೈ ತಗದ ಮ್ಯಾಲ ಸಪ್ಪಳ ಸುರುವಾತು. ಕರಕರ ಅಲ್ರಿ, ಗರಗರ, ದುಂಡಗ, ಒಂದ ಲಯದಾಗ. ರೇಡಿಯೋದ ತಂತಿ ಇನ್ನೂ ಜೋಡಿಸಿರಲೇ ಇಲ್ಲ.

ಅವ್ವ ಅಡಗಿಮನಿಯಿಂದ ಓಡಿಬಂದ್ಳು. “ಅತ್ತಿ ಸತ್ತಾಗನ ಬೀಸೂಕಲ್ಲ ಮಾರೇವಲ್ಲೋ! ಯಾರು ಬೀಸಾಕತ್ತಾರ?”

ನನ್ನ ಮುಷ್ಟಿ ಬಿಚ್ಚಿ ನೋಡಿದೆ. ನಾಕೂ ಪಟ್ಟಿಗೆ ಜ್ವಾಳದ ಹಿಟ್ಟು ಮೆತ್ತಿತ್ತು. ಆಗಷ್ಟ ಬೀಸಿದ ಹಿಟ್ಟಿನಂಗ ಬೆಚ್ಚಗಿತ್ತು.